ಕುಡಿಯದವರು, ರೇಸಿಗೆ ದುಡ್ಡು ಕಟ್ಟದವರು ಕೆಂಟಕಿಯಲ್ಲಿ ಏನು ನೋಡಬೇಕು?

ಪ್ರಶ್ನೆ: ಮಗಳು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಕೆಲಸದಲ್ಲಿದ್ದಾಳೆ. ಏಪ್ರಿಲ್‌ನಲ್ಲಿ ನಾವಿಬ್ಬರೂ ಹೊರಟಿದ್ದೇವೆ. ಯಾರನ್ನು ಕೇಳಿದರೂ ‘ಅಲ್ಲಿ ಕುದುರೆ, ವಿಸ್ಕಿ ಬಿಟ್ಟರೆ ಇನ್ನೇನಿದೆ’ ಎನ್ನುತ್ತಾರೆ. ನಾವು ಕುಡಿಯುವವರೂ ಅಲ್ಲ, ರೇಸಿಗೆ ದುಡ್ಡು ಕಟ್ಟುವವರೂ ಅಲ್ಲ. ನಮಗೆ ನೋಡಲು ಏನಾದರೂ ಇದೆಯೇ? ಅಷ್ಟಕ್ಕೂ ಇವೆರಡೂ ಒಂದೇ ಕಡೆ ಬೇರೂರಿದ್ದು ಹೇಗೆ?
— ಕುಣಿಗಲ್‌ನ ಓದುಗರೊಬ್ಬರು

ಉತ್ತರ: ಟಿಪ್ಪುವಿನ ಕಾಲದ ಕುದುರೆ ಫಾರಂ ಇರುವ ಊರಿನವರು ನೀವು, ಧೈರ್ಯವಾಗಿ ಹೋಗಿಬನ್ನಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ತಿಳಿದರೆ ನೋಡಬೇಕಾದ್ದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಎಲ್ಲದರ ಅಡಿಯಲ್ಲಿರುವುದು ಸುಣ್ಣದ ಕಲ್ಲು. ಲೆಕ್ಸಿಂಗ್ಟನ್ ಸುತ್ತಲಿನ ಸೀಮೆಗೆ ಬ್ಲೂಗ್ರಾಸ್ ಎಂದು ಹೆಸರು. ಸುಮಾರು 45 ಕೋಟಿ ವರ್ಷಗಳ ಹಿಂದೆ ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ಜೀವಿಗಳ ಚಿಪ್ಪು ಪದರ ಪದರವಾಗಿ ಕೂತು ಕಲ್ಲಾಯಿತು. ಆ ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ರಂಜಕವೂ ಇದೆ. ಅವು ಮಣ್ಣಿಗಿಳಿದು, ಹುಲ್ಲಿಗೆ ಸೇರಿ, ಮೇಯುವ ಕುದುರೆಮರಿಯ ಮೂಳೆ ಗಟ್ಟಿಮಾಡುತ್ತವೆ. ಎರಡು ವರ್ಷಕ್ಕೇ ರೇಸಿಗೆ ಇಳಿಯುವ ಪ್ರಾಣಿಗೆ ಇದು ಸಣ್ಣ ಮಾತಲ್ಲ. ಹುಲ್ಲೇನೋ ನೋಡಲು ಹಸಿರೇ. ಕೊಯ್ಯದೆ ಬಿಟ್ಟಾಗ ಬರುವ ತೆನೆಯಲ್ಲಿ ಮಾತ್ರ ನಸುನೀಲಿ.

ಇನ್ನು ವಿಸ್ಕಿ. ಸುಣ್ಣದ ಕಲ್ಲಿನ ಮೂಲಕ ಜಿನುಗುವ ನೀರಿನಲ್ಲಿ ಕಬ್ಬಿಣದ ಅಂಶ ಉಳಿಯುವುದಿಲ್ಲ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಗಾಗುವುದನ್ನು ನೀವು ನೋಡಿರುತ್ತೀರಿ. ನೆಲ್ಲಿಯ ಒಗರಿಗೆ ಕಬ್ಬಿಣ ಸೇರಿದರೆ ಆಗುವುದು ಅದು. ಓಕ್ ಮರದ ಪೀಪಾಯಿಯಲ್ಲೂ ಅಂಥದೇ ಒಗರಿದೆ. ನೀರಿನಲ್ಲಿ ಕಬ್ಬಿಣವಿದ್ದರೆ ವಿಸ್ಕಿಯೂ ಕಪ್ಪಿಟ್ಟು ರುಚಿ ಕೆಡುತ್ತದೆ.

ಆದರೆ ಎಲ್ಲವನ್ನೂ ಕಲ್ಲಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಈಗ ಕುದುರೆಗೆ ಖನಿಜಗಳನ್ನು ಮೇವಿನ ಜೊತೆಗೇ ಕೊಡುತ್ತಾರೆ. ನೀರನ್ನು ಬೇಕಾದಂತೆ ಶುದ್ಧೀಕರಿಸಬಹುದು. ಕಲ್ಲು ಆರಂಭ ಮಾಡಿಕೊಟ್ಟಿತು, ಉಳಿಸಿಕೊಂಡಿದ್ದು ಜನರ ಕಟ್ಟುಪಾಡು. ಥರೋಬ್ರೆಡ್ ಎಂಬ ರೇಸ್ ಕುದುರೆಯ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವೇ ಇಲ್ಲ. ಹೆಣ್ಣು ಕುದುರೆಯನ್ನು ಗಂಡಿನ ಬಳಿಗೇ ಕರೆತರಬೇಕು. ಹಾಗಾಗಿ ಒಳ್ಳೆಯ ಬೀಜದ ಕುದುರೆಗಳಿರುವ ಕಡೆಗೇ ಪಶುವೈದ್ಯರು, ಹರಾಜುಕಟ್ಟೆ, ಲಾಯದ ಕೆಲಸಗಾರರು ಎಲ್ಲರೂ ಬಂದು ಸೇರಿದರು. ಬರ್ಬನ್ ಎಂದು ಕರೆಯುವ ಇಲ್ಲಿನ ವಿಸ್ಕಿಗೂ ನಿಯಮವಿದೆ: ಧಾನ್ಯದಲ್ಲಿ ಶೇ 51ರಷ್ಟಾದರೂ ಮುಸುಕಿನ ಜೋಳ, ಒಳಭಾಗ ಸುಟ್ಟ ಹೊಸ ಓಕ್ ಪೀಪಾಯಿ. 1964ರಲ್ಲಿ ಅಮೆರಿಕದ ಸಂಸತ್ತು ಇದನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ಘೋಷಿಸಿತು.

ಈಗ ನಿಮ್ಮ ತಿರುಗಾಟಕ್ಕೆ ಬರೋಣ. ಏಪ್ರಿಲ್ ಒಳ್ಳೆಯ ತಿಂಗಳು, ತಾಯಿಯ ಬೆನ್ನಿಗೇ ಅಂಟಿಕೊಂಡ ಮರಿಗಳನ್ನು ಬಯಲಲ್ಲಿ ಕಾಣುತ್ತೀರಿ. 1936ರಲ್ಲಿ ತೆರೆದ ಕೀನ್‌ಲ್ಯಾಂಡ್ ರೇಸ್‌ಕೋರ್ಸ್‌ಗೆ ಬೆಳಗಿನ ತಾಲೀಮಿನ ಹೊತ್ತಿಗೆ ಹೋಗಿ. ದುಡ್ಡು ಕಟ್ಟುವ ಮಾತೇ ಇಲ್ಲ, ಗೊರಸಿನ ಸದ್ದು, ಕುದುರೆಯ ಉಸಿರು ಕೇಳಿಸಿಕೊಂಡು ಬಂದರೆ ಸಾಕು. ಪ್ಯಾರಿಸ್ ಎಂಬ ಪುಟ್ಟ ಊರಿನ ಕ್ಲೈಬೋರ್ನ್ ಫಾರಂನಲ್ಲಿ ಸೆಕ್ರೆಟೇರಿಯಟ್ ಕುದುರೆಯ ಸಮಾಧಿಯಿದೆ. 1973ರಲ್ಲಿ ಅದು ಕೆಂಟಕಿ ಡರ್ಬಿ ಎಂಬ ಹೆಸರಾಂತ ರೇಸಿನಲ್ಲಿ ಮಾಡಿದ ವೇಗದ ದಾಖಲೆ ಇನ್ನೂ ಮುರಿದಿಲ್ಲ. ಫಾರಂಗಳಿಗೆ ಮುಂಚೆಯೇ ಬುಕ್ ಮಾಡಿಸಲು ಮಗಳಿಗೆ ಹೇಳಿ.

ದಾರಿಯಲ್ಲಿ ಕಾರು ನಿಲ್ಲಿಸಿ ಒಂದು ಕಲ್ಲುಬೇಲಿಯನ್ನು ಹತ್ತಿರದಿಂದ ನೋಡಿ. ಗಾರೆಯಿಲ್ಲದೆ ಚಪ್ಪಟೆ ಸುಣ್ಣದ ಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲಿನ ಸಾಲನ್ನು ಮಾತ್ರ ಪುಸ್ತಕಗಳಂತೆ ನಿಲ್ಲಿಸಿ ಜೋಡಿಸಿರುತ್ತಾರೆ. ಐರಿಷ್ ವಲಸಿಗರು ಮತ್ತು ಕಪ್ಪು ಜನರ ಕೈಗೆಲಸ ಅದು.

ವಿಸ್ಕಿ ಕಾರ್ಖಾನೆಗೂ ಹೋಗಿ, ಕುಡಿಯಲೇಬೇಕೆಂದೇನಿಲ್ಲ. ವರ್ಸೇಲ್ಸ್ ಬಳಿಯ ವುಡ್‌ಫೋರ್ಡ್ ರಿಸರ್ವ್‌ನಲ್ಲಿ ಹಳೆಯ ಕಲ್ಲಿನ ಕಟ್ಟಡಗಳಿವೆ. ಪೀಪಾಯಿ ಗೋದಾಮಿನ ಬಳಿ ಮರದ ಕಾಂಡ, ಗೋಡೆ ಮಸಿ ಬಳಿದಂತೆ ಕಪ್ಪಗಿದ್ದರೆ ಹೊಗೆಯೆಂದುಕೊಳ್ಳಬೇಡಿ. ಪೀಪಾಯಿಯಿಂದ ಆವಿಯಾಗುವ ಮದ್ಯಸಾರ ಉಂಡು ಬೆಳೆಯುವ ಒಂದು ಬೂಷ್ಟು ಅದು. ಹೀಗೆ ಆರಿಹೋಗುವ ಪಾಲಿಗೆ ‘ದೇವತೆಗಳ ಪಾಲು’ ಎನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲಿ ವಿಸ್ಕಿ ಮಾಗಿಸುವವರು ವರ್ಷಕ್ಕೆ ಸುಮಾರು ಶೇ 10ರಿಂದ 12ರಷ್ಟು ಹೀಗೆ ಕಳೆದುಕೊಳ್ಳುತ್ತಾರೆ. ಕೆಂಟಕಿಯಲ್ಲಿ ಅದರ ಅರ್ಧವೂ ಇಲ್ಲ.

ಒಂದು ಇಡೀ ದಿನವನ್ನು ಮಾತ್ರ ಕೆಂಟಕಿ ಹಾರ್ಸ್ ಪಾರ್ಕ್‌ಗೆ ಕೊಡಿ. 21 ಓಟಗಳಲ್ಲಿ 20 ಗೆದ್ದ ಮ್ಯಾನ್ ಓ ವಾರ್ ಕುದುರೆಯ ಪ್ರತಿಮೆಯ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಯೇ ಐಸಾಕ್ ಮರ್ಫಿ ಎಂಬ ಕಪ್ಪು ಜಾಕಿಯ (ರೇಸ್ ಸವಾರನ) ಸಮಾಧಿಯೂ ಇದೆ. 1875ರ ಮೊದಲ ಡರ್ಬಿಯಲ್ಲಿ 15 ಜಾಕಿಗಳ ಪೈಕಿ 13 ಮಂದಿ ಕಪ್ಪು ಜನರು; ಗೆದ್ದ ಆಲಿವರ್ ಲೂಯಿಸ್ ಕೂಡ. ಗುಲಾಮಗಿರಿಯ ಕಾಲದಿಂದ ಲಾಯಗಳಲ್ಲಿ ದುಡಿದು ಕುದುರೆಯ ಮನಸ್ಸರಿತವರ ಪರಂಪರೆ ಅದು. 1884, 1890, 1891ರಲ್ಲಿ ಮರ್ಫಿ ಡರ್ಬಿ ಗೆದ್ದ. ಆಮೇಲೆ ವರ್ಣಭೇದ ಈ ಜಾಕಿಗಳನ್ನು ಕಣದಿಂದಲೇ ಹೊರಗಟ್ಟಿತು. 1896ರಲ್ಲಿ ತೀರಿಕೊಂಡ ಮರ್ಫಿಯ ಸಮಾಧಿಯ ಗುರುತೂ ದಶಕಗಳ ಕಾಲ ಮರೆಯಾಗಿತ್ತು. ಮೊದಲು ಅವನನ್ನು ಮಣ್ಣುಮಾಡಿದ್ದು ಲೆಕ್ಸಿಂಗ್ಟನ್ ಪೇಟೆಯೊಳಗಿನ ಆಫ್ರಿಕನ್ ಸೆಮೆಟರಿ ನಂಬರ್ 2 ಎಂಬ ಸ್ಮಶಾನದಲ್ಲಿ. ಕುದುರೆಗಳ ಜೊತೆ ಬಾಳಿದ ಅನೇಕರು ಇಂದಿಗೂ ಅಲ್ಲೇ ಮಲಗಿದ್ದಾರೆ. ಪ್ರವಾಸಿಗರು ಅಷ್ಟಾಗಿ ಹೋಗುವುದಿಲ್ಲ, ನೀವು ಹೋಗಿಬನ್ನಿ.