ಆ ರಾಕೆಟ್ ಕಟ್ಟಿದವರು ಯಾರು?

ವಿಡಿಯೋ ಗೇಮ್‌ಗಳಿಗೆ ಕತೆ ಬರೆಯುವುದು ನನ್ನ ಕೆಲಸ. ಬೇರೆಯವರು ಬರೆದದ್ದನ್ನು ಓದಿ ತಿದ್ದಿಕೊಡುವುದೂ ಇದೆ. ಹಾಗೆ ಬರುವ ಕತೆಗಳಲ್ಲಿ ಒಂದು ಬಗೆಯದು ಮತ್ತೆ ಮತ್ತೆ ಬರುತ್ತದೆ. ಮೊದಲ ಪುಟದಲ್ಲಿ ನಾಜಿಗಳು ಯುದ್ಧ ಗೆದ್ದು ಲಂಡನ್ ಆಳುತ್ತಿರುತ್ತಾರೆ. ಗೆದ್ದದ್ದು ಹೇಗೆ? ಅವರಿಗೆ ಒಂದು ಅದ್ಭುತ ಅಸ್ತ್ರ ಸಿಕ್ಕಿತ್ತು. ಎಲ್ಲಿಂದ? ಒಂದು ರಹಸ್ಯ ಸಂಘದಿಂದ. ಅಲ್ಲಿಗೆ ಇತಿಹಾಸ ಮುಗಿಯಿತು. ಮೂರನೇ ಪುಟದಿಂದ ಗುಂಡು ಹಾರಿಸುವುದು ಶುರು.

ಇಂಥ ಕತೆ ಬಂದಾಗ ನಾನು ಪಕ್ಕದಲ್ಲಿ ಮೊದಲು ಬರೆಯುವ ಪ್ರಶ್ನೆ ಒಂದೇ. ಈ ಯಂತ್ರವನ್ನು ಕಟ್ಟಿದವರು ಯಾರು? ಕಂಡುಹಿಡಿದವರಲ್ಲ, ಕೈಯಾರೆ ಕಟ್ಟಿದವರು.

ನಿಜವಾದ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರ ಇದೆ. ನಾಜಿ ತಂತ್ರಜ್ಞಾನ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ವಿ-2 ರಾಕೆಟ್. ಅದನ್ನು ಪೇನೆಮ್ಯುಂಡೆ ಎಂಬಲ್ಲಿ ರೂಪಿಸಿದರು. 1943ರ ಆಗಸ್ಟ್‌ನಲ್ಲಿ ಬ್ರಿಟಿಷ್ ವಿಮಾನಗಳು ಅಲ್ಲಿ ಬಾಂಬ್ ಹಾಕಿದವು. ಆಮೇಲೆ ತಯಾರಿಕೆ ನಾರ್ಡ್‌ಹೌಸನ್ ಊರಿನ ಹತ್ತಿರ ಬೆಟ್ಟದೊಳಗಿನ ಸುರಂಗಗಳಿಗೆ ಹೋಯಿತು. ಸುರಂಗ ಅಗೆದವರು, ರಾಕೆಟ್ ಜೋಡಿಸಿದವರು ಮಿಟೆಲ್‌ಬೌ-ಡೋರಾ ಎಂಬ ನಾಜಿ ಯಾತನಾ ಶಿಬಿರದ ಕೈದಿಗಳು. ಮೊದಲ ತಿಂಗಳುಗಳಲ್ಲಿ ಅವರು ಮಲಗುತ್ತಿದ್ದದ್ದೂ ಆ ಸುರಂಗದಲ್ಲೇ, ಧೂಳು ಮತ್ತು ಸದ್ದಿನ ನಡುವೆ. ಒಟ್ಟು ಸುಮಾರು 60,000 ಜನ ಆ ಶಿಬಿರವನ್ನು ಕಂಡರು. ಅವರಲ್ಲಿ ಸುಮಾರು 20,000 ಜನ ಸತ್ತರು. ವಿ-2 ಬಿದ್ದು ಸತ್ತವರಿಗಿಂತ ಅದರ ತಯಾರಿಕೆಯಲ್ಲಿ ಸತ್ತವರೇ ಜಾಸ್ತಿ.

ಇನ್ನೊಂದು ಕಡೆ, 1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿಗೆ ಹೊರಟ ಜರ್ಮನ್ ಸೇನೆಯ ಜೊತೆ 6 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು. ಫಿರಂಗಿ ಎಳೆಯಲು, ಸಾಮಾನು ಹೊರಲು. ಗೇಮ್‌ನಲ್ಲಿ ಕಾಣುವ ಉಕ್ಕಿನ ದೈತ್ಯ ಸೈನ್ಯಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ? ಆ ಉಕ್ಕಿನ ಚಿತ್ರ ಬಂದದ್ದು ಹೆಚ್ಚಾಗಿ ನಾಜಿಗಳ ಪ್ರಚಾರ ಚಿತ್ರಗಳಿಂದಲೇ. ನಾವು ಅದನ್ನು ನಂಬಿ, ಇನ್ನಷ್ಟು ಪಾಲಿಶ್ ಮಾಡಿ, ಮೂರು ಆಯಾಮದಲ್ಲಿ ತೋರಿಸುತ್ತೇವೆ. ಗಂಟೆ ಆಕಾರದ ಒಂದು ನಾಜಿ ಯಂತ್ರ ಗುರುತ್ವವನ್ನೇ ಮೀರಿತ್ತು ಎಂಬ ಕತೆ ಕೂಡ ಎಷ್ಟೋ ಗೇಮ್‌ಗಳಿಗೆ ಬಂದಿದೆ. ಅದು ಹೊರಬಂದದ್ದು 2000ರಲ್ಲಿ, ಪೋಲೆಂಡಿನ ಒಬ್ಬ ಬರಹಗಾರನಿಂದ. ಯುದ್ಧಕಾಲದ ಒಂದೇ ಒಂದು ದಾಖಲೆಯೂ ಅದಕ್ಕಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವವರು ನಮ್ಮ ಉದ್ಯಮದಲ್ಲಿ ತುಂಬಾ ಜನ.

ಸ್ಟ್ರಾಟಜಿ ಗೇಮ್‌ಗಳ ಕಷ್ಟ ಬೇರೆ. 2016ರ ‘ಹಾರ್ಟ್ಸ್ ಆಫ್ ಐರನ್ 4’ರಲ್ಲಿ ಜರ್ಮನಿಯನ್ನು ನಾವೇ ನಡೆಸಬಹುದು. ರಾಕೆಟ್ ಬೇಕಾದರೆ ಸಂಶೋಧನೆಯ ಒಂದು ಖಾನೆ ತುಂಬಿಸಿ, ಕೆಲವು ನೂರು ದಿನ ಕಾಯಬೇಕು. ಶಿಬಿರಗಳು ಅದರಲ್ಲಿ ಇಲ್ಲವೇ ಇಲ್ಲ. ಬೇಕೆಂದೇ ಬಿಟ್ಟಿದ್ದಾರೆ. ಅದು ನನಗೆ ಅರ್ಥವಾಗುತ್ತದೆ. ನರಮೇಧಕ್ಕೆ ಒಂದು ಬಟನ್ ಇಟ್ಟು ಆಟಗಾರನ ಕೈಗೆ ಕೊಡುವುದಕ್ಕಿಂತ ಇದು ಎಷ್ಟೋ ವಾಸಿ. ಆದರೂ ಪರದೆಯ ಮೇಲೆ ಉಳಿಯುವುದು ಕಷ್ಟಪಟ್ಟು ಸಂಶೋಧನೆ ಮಾಡುವ, ಕೈಗೆ ರಕ್ತ ಅಂಟದ ಒಂದು ಜರ್ಮನಿ.

ಈಗ ನನಗೆ ಹೆಚ್ಚು ಕುತೂಹಲ ಇರುವ ಗೇಮ್‌ಗೆ ಬರುತ್ತೇನೆ. ಸ್ವೀಡನ್ನಿನ ಉಪ್ಸಾಲಾದ ಮಷೀನ್‌ಗೇಮ್ಸ್ 2014ರಲ್ಲಿ ತಂದ ‘ವುಲ್ಫೆನ್‌ಸ್ಟೈನ್: ದ ನ್ಯೂ ಆರ್ಡರ್’. ಕತೆ ನಡೆಯುವುದು 1960ರಲ್ಲಿ. ನಾಜಿಗಳು ಗೆದ್ದಿದ್ದಾರೆ. ಅವರ ಬಳಿ ರೋಬೋಟ್ ಇವೆ, ಲೇಸರ್ ಇದೆ, ಚಂದ್ರನ ಮೇಲೆ ನೆಲೆಯೂ ಇದೆ. ಇದೆಲ್ಲ ಅವರ ಬುದ್ಧಿಯಿಂದ ಬಂದದ್ದಲ್ಲ ಎನ್ನುವುದು ಕತೆಯ ತಿರುವು. ದಾತ್ ಯಿಖುದ್ ಎಂಬ ಹಳೆಯ ಯಹೂದಿ ಗುಪ್ತ ಸಂಘ ಜ್ಞಾನವನ್ನೇ ಆರಾಧನೆ ಎಂದು ತಿಳಿದು, ಕಂಡುಹಿಡಿದದ್ದನ್ನೆಲ್ಲ ಬಚ್ಚಿಟ್ಟಿತ್ತು. ನಾಜಿಗಳಿಗೆ ಅದು ಸಿಕ್ಕಿತು. ಕದ್ದು ನಕಲು ಮಾಡಿದರು.

ಕದ್ದದ್ದು ಎನ್ನುವುದು ಜಾಣ ಉತ್ತರ. ಯಾಕೆಂದರೆ ನಾಜಿಗಳು ತಂತ್ರಜ್ಞಾನದಲ್ಲಿ ಹೀಗೆ ಮೇಲೇರಿದ ಕತೆ ಹೆಣೆಯುವುದು ಸುಲಭವಲ್ಲ. 1933ರ ಏಪ್ರಿಲ್‌ನಲ್ಲೇ ಕಾನೂನು ತಂದು ಯಹೂದಿಗಳನ್ನು ಸರ್ಕಾರಿ ಕೆಲಸದಿಂದ, ವಿಶ್ವವಿದ್ಯಾಲಯಗಳಿಂದ ಹೊರಹಾಕಿದವರು ಅವರು. ಹೊರದೇಶಕ್ಕೆ ಹೋಗಿದ್ದ ಐನ್‌ಸ್ಟೈನ್ ಮರಳಲಿಲ್ಲ. ಅವರಂತೆಯೇ ಭೌತವಿಜ್ಞಾನಿಗಳಾದ ಮ್ಯಾಕ್ಸ್ ಬಾರ್ನ್ ಹೋದರು, ಜೇಮ್ಸ್ ಫ್ರಾಂಕ್ ಹೋದರು, 1938ರಲ್ಲಿ ಲೀಸೆ ಮೈಟ್ನರ್ ತಪ್ಪಿಸಿಕೊಂಡು ಹೋದರು. ಇವರೆಲ್ಲ ಉಳಿದಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ಕುಳಿತರೆ, ಅವರನ್ನು ಉಳಿಸಿಕೊಳ್ಳುವ ಸರ್ಕಾರ ನಾಜಿ ಸರ್ಕಾರವೇ ಆಗಿರುವುದಿಲ್ಲ ಅಲ್ವಾ? ಕಳ್ಳತನ ಆ ಗಂಟನ್ನು ಬಿಡಿಸುತ್ತದೆ.

ಆದರೆ ಅಲ್ಲೇ ಇನ್ನೊಂದು ಗಂಟು ಬೀಳುತ್ತದೆ. ಲೋಕಕ್ಕೆ ಗೊತ್ತಿಲ್ಲದಂತೆ ಅಪಾರ ಶಕ್ತಿ ಬಚ್ಚಿಟ್ಟುಕೊಂಡ ಯಹೂದಿ ಗುಪ್ತ ಸಂಘ. ಇದು ಯಾರು ಹೇಳಿಕೊಂಡು ಬಂದ ಕತೆ? ಯಹೂದಿಗಳು ಗುಟ್ಟಾಗಿ ಲೋಕ ಆಳಲು ಸಂಚು ಮಾಡುತ್ತಿದ್ದಾರೆ ಎನ್ನುವ ‘ಜಿಯಾನ್ ಹಿರಿಯರ ನಡಾವಳಿ’ ಎಂಬ ನಕಲಿ ದಾಖಲೆ 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಬಂತು. ಅದು ಬೇರೆಡೆಯಿಂದ ಕದ್ದು ಬರೆದದ್ದು ಎಂದು ಲಂಡನ್ನಿನ ‘ದ ಟೈಮ್ಸ್’ 1921ರಲ್ಲೇ ಬಯಲು ಮಾಡಿತು. ಆಮೇಲೂ ನಾಜಿಗಳು ಅದನ್ನು ಹಂಚುತ್ತಲೇ ಇದ್ದರು. ಅಂದರೆ ನಾಜಿಗಳನ್ನು ಹೊಡೆಯುವ ಗೇಮ್ ಒಂದು, ಅವರದೇ ಸುಳ್ಳಿನ ಪಾಯದ ಮೇಲೆ ಮನೆ ಕಟ್ಟಿದೆ.

ಹಾಗಾದರೆ ಆ ಗೇಮ್ ತಪ್ಪೇ? ಪೂರ್ತಿ ಅಲ್ಲ ಎನ್ನುವುದು ನನ್ನ ಲೆಕ್ಕ. ಅದನ್ನು ಕಾಪಾಡುವುದು ಒಂದು ಲೆವೆಲ್, ಅಂದರೆ ಆಟದ ಒಂದು ಹಂತ. ಸಂಘದ ಸದಸ್ಯ ಎಂದು ನಮಗೆ ಸಿಗುವುದು ಸೆಟ್ ರಾತ್ ಎಂಬ ಮುದುಕ. ಅವನಿರುವುದು ಕ್ರೊಯೇಷಿಯಾದ ದುಡಿಮೆ ಶಿಬಿರದಲ್ಲಿ. ಆಟಗಾರನೂ ಕೈದಿಯಾಗಿ ಒಳಗೆ ಹೋಗಬೇಕು. ನಾಜಿ ಸಾಮ್ರಾಜ್ಯದ ಕಟ್ಟಡಗಳಿಗೆ ಬಳಸುವ ಕಾಂಕ್ರೀಟ್ ಗುಟ್ಟಾಗಿ ಬೂಸ್ಟು ಹಿಡಿದು ಕೆಡುತ್ತಿರುತ್ತದೆ. ಕೆಡಿಸುತ್ತಿರುವುದು ಈ ಮುದುಕನೇ. ಲೋಕ ಆಳುವ ಸಂಚು ಅವನ ಬಳಿ ಇಲ್ಲ, ಸಹಾಯ ಮಾಡಲು ಅವನು ಕೇಳುವುದು ಆ ಶಿಬಿರವನ್ನು ಧ್ವಂಸ ಮಾಡಬೇಕು ಎಂದು. ಡೋರಾದಲ್ಲಿ ಕೂಡ ಕೈದಿಗಳು ರಾಕೆಟ್‌ಗಳನ್ನು ಕೆಡಿಸಲು ನೋಡಿದ್ದರು, ಸಿಕ್ಕಿಬಿದ್ದವರನ್ನು ಸುರಂಗದ ಕ್ರೇನಿಗೇ ನೇತುಹಾಕಿದರು. ಹಾಗಾಗಿ ಆ ಕಾಂಕ್ರೀಟ್ ನನಗೆ ಲೇಸರ್ ಗನ್‌ಗಿಂತ ದೊಡ್ಡ ಕಲ್ಪನೆ ಅನಿಸುತ್ತದೆ. ಆ ಲೆವೆಲ್ ತೆಗೆದು ಬರೀ ಸಂಘವನ್ನು ಉಳಿಸಿಕೊಂಡು ನಕಲು ಮಾಡಿದ ಕತೆ ನನ್ನ ಮೇಜಿಗೆ ಬಂದರೆ ಒಪ್ಪುವುದಿಲ್ಲ.

ನಾಜಿಗಳದೇ ರಹಸ್ಯ ಸಂಘದ ವಿಷಯಕ್ಕೆ ಬಂದರೆ, ಗೇಮ್‌ಗಳಿಗೆ ಅಚ್ಚುಮೆಚ್ಚು ಎಸ್‌ಎಸ್ ಎಂಬ ನಾಜಿ ಪಡೆಯ ಮುಖ್ಯಸ್ಥ ಹಿಮ್ಲರ್‌ನ ಮಂತ್ರತಂತ್ರ. 2001ರ ‘ರಿಟರ್ನ್ ಟು ಕ್ಯಾಸಲ್ ವುಲ್ಫೆನ್‌ಸ್ಟೈನ್’ನಲ್ಲಿ ಕೊನೆಯ ಬಾಸ್, ಅಂದರೆ ಕೊನೆಯ ದೊಡ್ಡ ಶತ್ರು ಆಗಿ ಏಳುವುದು ಹಳೆಯ ಜರ್ಮನ್ ರಾಜ ಒಂದನೇ ಹೈನ್‌ರಿಶ್. ಹಿಮ್ಲರ್‌ಗೆ ಆ ರಾಜನ ಹುಚ್ಚು ನಿಜವಾಗಿ ಇತ್ತು, 1936ರಲ್ಲಿ ರಾಜ ಸತ್ತು ಸಾವಿರ ವರ್ಷ ಎಂದು ದೊಡ್ಡ ಸಮಾರಂಭವನ್ನೇ ಮಾಡಿದ. ಅವನ ಕೋಟೆ ವೇವೆಲ್ಸ್‌ಬುರ್ಗ್ ಕೂಡ ಕಟ್ಟುಕತೆಯಲ್ಲ. ಆದರೆ ಅದನ್ನು ತಿದ್ದಿ ಕಟ್ಟಲು ಪಕ್ಕದಲ್ಲೇ ಒಂದು ಶಿಬಿರ ತೆರೆದಿದ್ದರು. ಅಲ್ಲಿ ಸತ್ತವರು ಕನಿಷ್ಠ 1,285 ಜನ. ನಾನು ಆಡಿದ ಕೋಟೆ ಲೆವೆಲ್‌ಗಳಲ್ಲಿ ದೆವ್ವ ಸಿಕ್ಕಿವೆ, ಕಲ್ಲು ಹೊತ್ತವನು ಒಬ್ಬನೂ ಸಿಕ್ಕಿಲ್ಲ.

ಆನೆನೆರ್ಬೆ ಎಂಬ ಎಸ್‌ಎಸ್ ಸಂಶೋಧನಾ ಸಂಸ್ಥೆಯದೂ ಇದೇ ಕತೆ. 1938-39ರಲ್ಲಿ ಕಲ್ಕತ್ತಾ, ಗ್ಯಾಂಗ್‌ಟಾಕ್ ದಾರಿಯಾಗಿ ಟಿಬೆಟ್‌ಗೆ ಹೋದ ಎಸ್‌ಎಸ್ ತಂಡವನ್ನು ಗೇಮ್ ಬರೆಯುವವರು ಶಂಬಾಲ ಎಂಬ ಪುರಾಣದ ಗುಪ್ತ ರಾಜ್ಯ ಹುಡುಕಲು ಕಳಿಸಿಬಿಡುತ್ತಾರೆ. ಆ ತಂಡದಲ್ಲಿ ಜನರ ತಲೆ ಅಳೆಯುತ್ತಿದ್ದ ಬ್ರೂನೋ ಬೇಗರ್ 1943ರಲ್ಲಿ ಔಷ್‌ವಿಟ್ಸ್ ಶಿಬಿರಕ್ಕೆ ಹೋಗಿ, ಅಸ್ಥಿಪಂಜರಗಳ ಸಂಗ್ರಹಕ್ಕೆಂದು ಯಹೂದಿ ಕೈದಿಗಳನ್ನು ಆರಿಸಿದ. 86 ಜನರನ್ನು ಕೊಂದರು. ಶಂಬಾಲ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆ ಅಳತೆಪಟ್ಟಿಯನ್ನೂ ಎಲ್ಲಾದರೂ ಇಡಿ.

ಕಲಾವಿದರ ತಂಡಕ್ಕೆ ಒಂದು ಮಾತು, ಮುಖ್ಯವಾಗಿ ನಮ್ಮ ದೇಶದವರಿಗೆ. ಹೊಸಿಲ ಮೇಲಿನ ಸ್ವಸ್ತಿಕಕ್ಕೂ ಬಿಳಿ ವೃತ್ತದೊಳಗೆ ಓರೆಯಾಗಿ ನಿಂತ ನಾಜಿ ಚಿಹ್ನೆಗೂ ವ್ಯತ್ಯಾಸ ನಮಗೆ ಗೊತ್ತು. ವೇವೆಲ್ಸ್‌ಬುರ್ಗ್ ನೆಲದ ಮೇಲಿರುವ ಹನ್ನೆರಡು ಕಡ್ಡಿಗಳ ಚಕ್ರ ನಮಗೆ ಗೊತ್ತಿರುವುದಿಲ್ಲ. ‘ಕಪ್ಪು ಸೂರ್ಯ’ ಎಂದು ಅದನ್ನು ಇಂದಿನ ನವನಾಜಿಗಳು ಮೆರೆಸುತ್ತಾರೆ. ಇಂಟರ್‌ನೆಟ್‌ನಲ್ಲಿ ಚೆನ್ನಾಗಿ ಕಂಡಿತು ಅಂತ ಸುಮ್ನೆ ತೆಗೆದು ಒಬ್ಬ ಹೀರೋನ ಗುರಾಣಿಗೆ ಅಂಟಿಸಿದರೆ ಮುಗಿಯಿತು.

ಜರ್ಮನಿಯಲ್ಲಿ ಇಂಥ ಚಿಹ್ನೆಗಳಿಗೆ ಕಾನೂನಿನ ತಡೆ ಇದೆ. ಹಾಗಾಗಿ 2017ರ ‘ವುಲ್ಫೆನ್‌ಸ್ಟೈನ್ 2’ರ ಜರ್ಮನ್ ಆವೃತ್ತಿಯಲ್ಲಿ ಹಿಟ್ಲರ್‌ಗೆ ಮೀಸೆಯೇ ಇರಲಿಲ್ಲ. ಅದಾದರೆ ನಕ್ಕು ಬಿಡಬಹುದು. ಆದರೆ ಯಹೂದಿಗಳ ಪ್ರಸ್ತಾಪವೂ ಮಾತುಗಳಿಂದ ಕಾಣೆಯಾಗಿತ್ತು, ಅಲ್ಲಿನ ವಿಮರ್ಶಕರು ಸಿಟ್ಟಾದದ್ದು ಅದಕ್ಕೆ. ಅದನ್ನು ಅಳಿಸಿ ಎಂದು ಯಾವ ಕಾನೂನೂ ಕೇಳಿರಲಿಲ್ಲ. 2018ರ ಆಗಸ್ಟ್‌ನಿಂದ ಅಲ್ಲಿ ಪ್ರತಿ ಗೇಮ್ ಅನ್ನೂ ಬೇರೆಬೇರೆಯಾಗಿ ನೋಡಿ, ಕಲೆಗೆ ಇರುವ ವಿನಾಯಿತಿ ಕೊಡಬಹುದೇ ಎಂದು ತೀರ್ಮಾನಿಸುತ್ತಾರೆ. ಹಾಗೆ ಮೊದಲು ಒಪ್ಪಿಗೆ ಪಡೆದದ್ದು ಬರ್ಲಿನ್ನಿನ ಒಂದು ಸಣ್ಣ ತಂಡದ ‘ಥ್ರೂ ದ ಡಾರ್ಕೆಸ್ಟ್ ಆಫ್ ಟೈಮ್ಸ್’. ಅದರಲ್ಲಿ ಬರ್ಲಿನ್ನಿನ ಸಾಮಾನ್ಯ ಜನ ಕರಪತ್ರ ಹಂಚುತ್ತಾರೆ, ಗೋಡೆಯ ಮೇಲೆ ಬರೆಯುತ್ತಾರೆ, ಸಿಕ್ಕಿಬೀಳುತ್ತಾರೆ. ಎಷ್ಟೇ ಚೆನ್ನಾಗಿ ಆಡಿದರೂ ಹಿಟ್ಲರ್‌ನನ್ನು ಇಳಿಸಲು ಆಗುವುದಿಲ್ಲ.