ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದರೆ ಸಾಲದೇ?

ಪ್ರಶ್ನೆ: ರೋಗಾಣುಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ, ಬೆಳೆಸಿ, ಅವುಗಳ ಗುಣಗಳನ್ನು ಕಂಡುಕೊಳ್ಳುತ್ತಾರೆ. ಮಣ್ಣಿನಲ್ಲೂ ನೀರಿನಲ್ಲೂ ಇರುವ ಸೂಕ್ಷ್ಮಜೀವಿಗಳಿಗೆ ಇದೇ ಕ್ರಮ ಸಾಲದೇ? ಅವುಗಳ ಇಡೀ ಸಮುದಾಯವನ್ನು ಅಧ್ಯಯನ ಮಾಡಬೇಕೆಂದು ಹೇಳುವುದೇಕೆ?

ಉತ್ತರ: ಸಾಲದು. ಏಕೆ ಸಾಲದು ಎಂಬುದು ಸೆರ್ಗೈ ವಿನೋಗ್ರಾಡ್ಸ್ಕಿ ಅವರ ಸಂಶೋಧನೆಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ. 1856ರಲ್ಲಿ ಕೀವ್‌ನಲ್ಲಿ ಹುಟ್ಟಿದ ಅವರು ಸಂಗೀತದ ಅಭ್ಯಾಸವನ್ನು ಬಿಟ್ಟು ವಿಜ್ಞಾನಕ್ಕೆ ಬಂದವರು. 1885ರಲ್ಲಿ ಅವರು ಸ್ಟ್ರಾಸ್‌ಬರ್ಗ್‌ನಲ್ಲಿ ಸಸ್ಯವಿಜ್ಞಾನಿ ಆಂಟನ್ ಡಿ ಬ್ಯಾರಿ ಅವರ ಪ್ರಯೋಗಾಲಯವನ್ನು ಸೇರುವ ಹೊತ್ತಿಗೆ, ರಾಬರ್ಟ್ ಕಾಕ್ ರೂಪಿಸಿದ್ದ ಶುದ್ಧ ಕಲ್ಚರ್ ವಿಧಾನ, ಅಂದರೆ ಜೆಲಟಿನ್ ತಟ್ಟೆಯ ಮೇಲೆ ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ಬೆಳೆಸುವ ಕ್ರಮ, ಎಲ್ಲೆಡೆ ಮನ್ನಣೆ ಪಡೆಯುತ್ತಿತ್ತು.

ಅಲ್ಲಿ ವಿನೋಗ್ರಾಡ್ಸ್ಕಿ ಕೈಗೆತ್ತಿಕೊಂಡದ್ದು ಗಂಧಕದ ಚಿಲುಮೆಗಳಲ್ಲಿ ಬಿಳಿಯ ಎಳೆಗಳಂತೆ ಬೆಳೆಯುವ ಬೆಗ್ಗಿಯಾಟೋವಾ ಎಂಬ ಬ್ಯಾಕ್ಟೀರಿಯಾವನ್ನು. ಜೀವಕೋಶಗಳಿಗೆ ಆಹಾರವೆಂದು ಕೊಡುತ್ತಿದ್ದ ಸಮೃದ್ಧ ಪೋಷಕ ದ್ರವ ಅದಕ್ಕೆ ಒಗ್ಗುತ್ತಿರಲಿಲ್ಲ. ಆದ್ದರಿಂದ ಅವರು ಎಳೆಗಳನ್ನು ಗಾಜಿನ ಪಟ್ಟಿಯ ಮೇಲೆ, ತೆಳುಗಾಜಿನ ಮುಚ್ಚಳದ ಕೆಳಗೆ ಇಟ್ಟು, ಹೈಡ್ರೋಜನ್ ಸಲ್ಫೈಡ್ ಕರಗಿದ ನೀರನ್ನು ಆಗಾಗ ಬದಲಿಸುತ್ತಾ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೋದರು. ಆ ನೀರು ಸಿಕ್ಕಾಗ ಎಳೆಗಳ ಒಳಗೆ ಹೊಳೆಯುವ ಗಂಧಕದ ಕಣಗಳು ತುಂಬಿಕೊಂಡವು. ನಿಲ್ಲಿಸಿದಾಗ ಕಣಗಳು ಕರಗಿ ಸಲ್ಫೇಟ್ ಆಗಿ ಹೊರಬಿದ್ದವು. ಮತ್ತೂ ಕೊಡದಿದ್ದಾಗ ಎಳೆಗಳೇ ಸತ್ತವು. ಬೇರೆ ಜೀವಿಗಳಿಗೆ ವಿಷವಾದ ಅನಿಲವೇ ಈ ಜೀವಿಗೆ ಶಕ್ತಿಯ ಮೂಲವಾಗಿತ್ತು. 1887ರಲ್ಲಿ ಪ್ರಕಟವಾದ ಈ ಕೆಲಸದಿಂದ, ನಿರವಯವ ವಸ್ತುವಿನ ಉತ್ಕರ್ಷಣದಿಂದ (ಆಕ್ಸಿಡೇಷನ್‌ನಿಂದ) ದೊರೆಯುವ ಶಕ್ತಿಯಿಂದಲೇ ಬದುಕುವ ಜೀವಿಗಳಿವೆ ಎಂಬ ತಿಳಿವಳಿಕೆಗೆ ಬುನಾದಿ ಬಿದ್ದಿತು.

ಪ್ರಶ್ನೆಗೆ ನೇರ ಉತ್ತರ ದೊರೆಯುವುದು ಅವರ ಮುಂದಿನ ಕೆಲಸದಲ್ಲಿ. ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗಿ ಬದಲಾಗುವುದು ಜೀವಿಗಳಿಂದಲೇ ಎಂಬುದನ್ನು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ 1877ರಲ್ಲೇ ತೋರಿಸಿದ್ದರು: ಕ್ಲೋರೋಫಾರ್ಮ್ ಹಾಯಿಸಿದರೆ ಆ ಬದಲಾವಣೆ ನಿಂತುಬಿಡುತ್ತಿತ್ತು. ಆದರೆ ಆ ಜೀವಿ ಯಾವುದೆಂದು ತಟ್ಟೆಗಳಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ. ಜ್ಯೂರಿಚ್‌ಗೆ ಬಂದಿದ್ದ ವಿನೋಗ್ರಾಡ್ಸ್ಕಿ, ಜೆಲಟಿನ್‌ನಂಥ ಸಾವಯವ ಮಾಧ್ಯಮವನ್ನೇ ಕೈಬಿಟ್ಟು, ಅಮೋನಿಯಾ ಲವಣವಿರುವ ಬರೀ ಖನಿಜ ದ್ರಾವಣದಲ್ಲಿ ಮಣ್ಣನ್ನು ಬೆರೆಸಿ, ಆ ಪರಿಸ್ಥಿತಿಯಲ್ಲಿ ಯಾವುದು ಹೆಚ್ಚುತ್ತದೆಯೋ ಅದನ್ನು ಬೆನ್ನಟ್ಟಿದರು. ಕೊನೆಗೆ ಸಾವಯವ ವಸ್ತುವಿಲ್ಲದ ಸಿಲಿಕಾ ಜೆಲ್ ಮೇಲೆ ಅದನ್ನು ಬೆಳೆಸಿದರು. ಆಗ ತಿಳಿದದ್ದೇನೆಂದರೆ, ಕೆಲಸ ಒಬ್ಬರದಲ್ಲ, ಇಬ್ಬರದು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡಿ ನಿಲ್ಲುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನೇ ಉಂಡು ನೈಟ್ರೇಟ್ ಮಾಡುತ್ತದೆ. ಒಂದನ್ನು ಮಾತ್ರ ಬೇರ್ಪಡಿಸಿ ಎಷ್ಟೇ ಕಾಲ ಪರೀಕ್ಷಿಸಿದರೂ, ಮಣ್ಣಿನಲ್ಲಿ ನಡೆಯುವ ಇಡೀ ಕ್ರಿಯೆ ಆ ಗಾಜಿನ ಪಾತ್ರೆಯಲ್ಲಿ ಕಾಣುವುದಿಲ್ಲ.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರು ಗುರುತಿಸಿದ ಕ್ಲಾಸ್ಟ್ರಿಡಿಯಂ ಪಾಸ್ಟೂರಿಯಾನಂ ಇನ್ನೂ ಸೋಜಿಗದ ಉದಾಹರಣೆ. ಗಾಳಿಯ ಸಾರಜನಕವನ್ನು ಹಿಡಿದಿಡುವ ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಆಗದು. ಆದರೂ ಗಾಳಿಗೆ ತೆರೆದಿಟ್ಟ ಮಿಶ್ರ ಕಲ್ಚರ್‌ನಲ್ಲಿ ಅದು ಬೆಳೆಯಿತು, ಏಕೆಂದರೆ ಜೊತೆಯಲ್ಲಿದ್ದ ಬೇರೆ ಬ್ಯಾಕ್ಟೀರಿಯಾಗಳು ಸುತ್ತಲಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತಿದ್ದವು. ಅವುಗಳನ್ನು ತೆಗೆದುಹಾಕಿದರೆ, ಗಾಳಿಯನ್ನೂ ತಡೆಯಬೇಕಾಗುತ್ತಿತ್ತು.

ಆಮೇಲೆ ಅವರು ಬಹಳ ವರ್ಷ ಸಂಶೋಧನೆಯಿಂದಲೇ ದೂರವಿದ್ದರು. ರಷ್ಯಾದ ಕ್ರಾಂತಿಯ ನಂತರ ದೇಶ ಬಿಟ್ಟು, 1922ರಲ್ಲಿ ಪಾಸ್ಟರ್ ಸಂಸ್ಥೆಯ ಆಹ್ವಾನದ ಮೇರೆಗೆ ಪ್ಯಾರಿಸ್ ಬಳಿಯ ಬ್ರೀ-ಕಾಂಟ್-ರಾಬರ್ಟ್‌ಗೆ ಹೋದಾಗ ಅವರಿಗೆ ಅರವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಹೊಸದಾಗಿ ಆರಂಭಿಸಿದ ಅವರ ಛಲ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುತ್ತದೆ. ಮಣ್ಣನ್ನು ನೇರವಾಗಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ತಟ್ಟೆಗಳಲ್ಲಿ ಬೆಳೆದು ಕಾಣುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜೀವಿಗಳಿದ್ದವು. ಹೊಸ ಸಾವಯವ ವಸ್ತು ಬಿದ್ದೊಡನೆ ಹೆಚ್ಚಿ, ಅದು ಮುಗಿದೊಡನೆ ಕುಗ್ಗುವ ಗುಂಪನ್ನೂ, ಯಾವಾಗಲೂ ನಿಧಾನವಾಗಿ ಕೆಲಸ ಮಾಡುವ ಮಣ್ಣಿನ ಸ್ವಂತ ಗುಂಪನ್ನೂ ಅವರು ಬೇರೆ ಬೇರೆಯಾಗಿ ಗುರುತಿಸಿದರು. ತಟ್ಟೆಯ ಸಮೃದ್ಧ ಆಹಾರ ಮೊದಲ ಗುಂಪಿಗೇ ಒಲಿಯುವುದರಿಂದ, ತಟ್ಟೆಯನ್ನಷ್ಟೇ ನಂಬಿದವರಿಗೆ ಎರಡನೆಯದು ಕಾಣದೇ ಹೋಗುತ್ತದೆ. ವಿನೋಗ್ರಾಡ್ಸ್ಕಿ 1953ರಲ್ಲಿ ತೀರಿಕೊಂಡರು.

ಹಾಗೆಂದು ಬೇರ್ಪಡಿಸುವುದು ವ್ಯರ್ಥವಲ್ಲ. ಯಾವ ಜೀವಿ ಏನು ಮಾಡಬಲ್ಲದು ಎಂಬುದಕ್ಕೆ ಖಚಿತ ಸಾಕ್ಷ್ಯ ಅಲ್ಲಿಂದಲೇ ಬರಬೇಕು. ಆದರೆ ಯಾವುದನ್ನು ಬೇರ್ಪಡಿಸಬೇಕೆಂಬ ಸುಳಿವು ಸಿಗುವುದು ಸಮುದಾಯದಲ್ಲಿ. ಅಮೋನಿಯಾದಿಂದ ನೈಟ್ರೇಟ್‌ವರೆಗಿನ ಕೆಲಸಕ್ಕೆ ಇಬ್ಬರು ಬೇಕೇ ಬೇಕೆಂಬ ನಂಬಿಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. 2015ರಲ್ಲಿ ಎರಡು ಸಂಶೋಧನಾ ತಂಡಗಳು, ಇಡೀ ಕೆಲಸವನ್ನು ಒಂಟಿಯಾಗಿ ಮಾಡುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾಗಳನ್ನು ಕಂಡುಹಿಡಿದವು. ಒಂದು ತಂಡಕ್ಕೆ ಅವು ಸಿಕ್ಕಿದ್ದು ಆಳದ ಬಾವಿಯ ಬಿಸಿನೀರಿನ ಕೊಳವೆಯೊಳಗಿನ ಲೋಳೆಪದರದಿಂದ, ಇನ್ನೊಂದಕ್ಕೆ ಮೀನು ಸಾಕಣೆಯ ನೀರು ಶುದ್ಧೀಕರಿಸುವ ಶೋಧಕದಿಂದ. ಎರಡೂ ಕಡೆ ಅವು ಆಗ ಗುರುತಿಗೆ ಬಂದದ್ದು ಮಿಶ್ರ ಕಲ್ಚರ್‌ಗಳಲ್ಲಿ, ಒಟ್ಟು ಡಿಎನ್ಎಯನ್ನು ಓದಿದಾಗ. ಅವುಗಳಲ್ಲೊಂದನ್ನು ಶುದ್ಧವಾಗಿ ಬೆಳೆಸಿದ್ದು ಅನಂತರದ ಮಾತು.