ಎಂಬತ್ತು ಸಾವಿರದ ಫೋನಿನ ತಿಂಗಳ ಲೆಕ್ಕ

ದುಬಾರಿ ಫೋನ್ ಬಾಳಿಕೆ ಬರುತ್ತದೆ, ಕೊನೆಗೆ ನೋಡಿದರೆ ಅದೇ ಅಗ್ಗ ಎಂಬ ಮಾತನ್ನು ರಿಪೇರಿ ಮೇಜಿನ ಹಿಂದೆ ಕುಳಿತು ದಿನವೂ ಕೇಳುತ್ತೇನೆ. ಬಾಳಿಕೆಯ ಮಾತು ನಿಜ. ಅಗ್ಗದ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

80,000 ರೂಪಾಯಿಯ ಫೋನನ್ನು ಆರು ವರ್ಷ ಬಳಸುತ್ತೀರಿ, ನಡುವೆ ಒಮ್ಮೆ 6,000 ಕೊಟ್ಟು ಬ್ಯಾಟರಿ ಬದಲಾಯಿಸುತ್ತೀರಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 14,000 ಚಿಲ್ಲರೆ ಬಿತ್ತು. 25,000 ರೂಪಾಯಿಯ ಫೋನ್ ಮೂರೇ ವರ್ಷಕ್ಕೆ ಮೂಲೆ ಸೇರಿದರೂ ವರ್ಷಕ್ಕೆ 8,000 ಚಿಲ್ಲರೆ. ವ್ಯತ್ಯಾಸ ತಿಂಗಳಿಗೆ 500 ರೂಪಾಯಿ. ಫ್ಲ್ಯಾಗ್‌ಶಿಪ್, ಅಂದರೆ ಕಂಪನಿಯ ಅತ್ಯುತ್ತಮ ದುಬಾರಿ ಮಾದರಿ, ಬೇಕೇ ಬೇಡವೇ ಎಂದು ಕೇಳುವವರು ಕೇಳಿಕೊಳ್ಳಬೇಕಾದದ್ದು ಈ ಐನೂರರ ಬಗ್ಗೆ. ಎರಡೇ ವರ್ಷಕ್ಕೆ ಅರ್ಧ ಬೆಲೆಗೆ ಮಾರಿ ಹೊಸದಕ್ಕೆ ಹಾರುವವರಿಗೆ ಅದು ಹೆಚ್ಚುಕಡಿಮೆ ಸಾವಿರವಾಗುತ್ತದೆ.

ಪ್ರೊಸೆಸರ್ ವೇಗವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವಾಟ್ಸ್‌ಆ್ಯಪ್, ಯುಪಿಐ, ಯೂಟ್ಯೂಬ್‌ಗೆ ಮಧ್ಯಮ ಬೆಲೆಯ ಫೋನ್ ಧಾರಾಳ. ಅಂತರ ಇರುವುದು ಕ್ಯಾಮೆರಾದಲ್ಲಿ. ದೊಡ್ಡ ಸೆನ್ಸರ್ ಹೆಚ್ಚು ಬೆಳಕು ಹಿಡಿಯುವುದರಿಂದ ಮದುವೆಮನೆಯ ಮಂದ ಬೆಳಕಿನಲ್ಲಿ ಓಡಾಡುವ ಮಗುವಿನ ಮುಖ ಕಲಸಿಹೋಗುವುದಿಲ್ಲ. ಯಕ್ಷಗಾನದ ವೇಷವನ್ನು ಹಿಂದಿನ ಸಾಲಿನಿಂದ ಸೆರೆಹಿಡಿಯಲು ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸೇ ಬೇಕು. ಅಗ್ಗದ ಫೋನುಗಳ ಜೂಮ್ ಬಹುತೇಕ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಕೈಚಳಕ. ಗ್ಯಾಲರಿ ತುಂಬ ಸ್ಕ್ರೀನ್‌ಶಾಟ್, ಬಿಲ್ಲು, ಶುಭೋದಯದ ಹೂಗಳೇ ಇರುವವರಿಗೆ ಇದರಿಂದ ಆಗಬೇಕಾದದ್ದೇನೂ ಇಲ್ಲ.

ಇನ್ನು ಅಪ್‌ಡೇಟ್. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷಗಳ ಭರವಸೆ ಕೊಟ್ಟಿವೆ. ಆದರೆ ಆ ಏಳು ವರ್ಷ ಶುರುವಾಗುವುದು ಫೋನ್ ಮಾರುಕಟ್ಟೆಗೆ ಬಂದಾಗ, ನೀವು ಕೊಂಡಾಗ ಅಲ್ಲ. ಹಬ್ಬದ ಮಾರಾಟದಲ್ಲಿ ಎರಡು ವರ್ಷ ಹಳೆಯ ಮಾದರಿ ಕೊಳ್ಳುವವರು ಬೆಲೆಯನ್ನು ಐದರಿಂದಲೇ ಭಾಗಿಸಬೇಕು. ಬೆಲೆ ಚೆನ್ನಾಗಿ ಇಳಿದಿದ್ದರೆ ಆಗಲೂ ಅದು ಒಳ್ಳೆಯ ವ್ಯಾಪಾರ. ನಮ್ಮ ಮನೆಯವರಿಗೆ ನಾನು ಕೊಡಿಸುವುದೂ ಅದನ್ನೇ.

ಲೆಕ್ಕ ಕೆಡಿಸುವುದು ಡಿಸ್ಪ್ಲೇ. ಒಡೆದ ಒಎಲ್‌ಇಡಿ (ತಾನೇ ಬೆಳಗುವ) ಪರದೆಯ ಅಸಲಿ ಬೆಲೆ ಕೇಳಿ ಹೌಹಾರಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಾಪಿ ಹಾಕಿಸಿಕೊಂಡವರು ನನ್ನ ಬಳಿ ಬರುತ್ತಾರೆ. ಆ ಕಾಪಿ ಹಿಂದಿನಿಂದ ಬೆಳಕು ಬೇಕಾಗುವ ಎಲ್‌ಸಿಡಿಯಾಗಿದ್ದರೆ, ಪರದೆಯಡಿ ಕುಳಿತು ಬೆಳಕಿನಿಂದ ಬೆರಳಚ್ಚು ಓದುವ ಆಪ್ಟಿಕಲ್ ಸೆನ್ಸರ್‌ಗೆ ಬೆರಳೇ ಕಾಣುವುದಿಲ್ಲ. ನಡುವೆ ಬ್ಯಾಕ್‌ಲೈಟ್ ಅಡ್ಡ ನಿಂತಿರುತ್ತದೆ. ಫೋನನ್ನು ಬಿಸಿ ಮಾಡಿ ಬಿಚ್ಚುವಾಗ ಅಂಚಿನ ಗೋಂದು ನೂಲುನೂಲಾಗಿ ಕಿತ್ತು ಬರುತ್ತದೆ. ಹೊಸ ಗೋಂದನ್ನು ಸರಿಯಾಗಿ ಕೂರಿಸದಿದ್ದರೆ ನೀರು, ಧೂಳು ತಡೆಯುವ ಐಪಿ68 ದರ್ಜೆ ಎಂಬುದು ಡಬ್ಬದ ಮೇಲಿನ ಬರಹ ಮಾತ್ರ. ಕೊಳ್ಳುವ ಮುನ್ನವೇ ಅಧಿಕೃತ ಸೇವಾ ಕೇಂದ್ರದಲ್ಲಿ ಪರದೆಯ ಬೆಲೆ ವಿಚಾರಿಸಿ, ಫೋನ್ ಬೀಳಿಸುವ ಕೈ ನಿಮ್ಮದಾದರೆ ಅದನ್ನೂ ಸೇರಿಸಿ ಭಾಗಿಸಿ.

ಹಳೆಯ ಫೋನ್ ನಿಧಾನವಾಯಿತು ಎಂಬುದೊಂದೇ ಕಾರಣವಾದರೆ ಸ್ವಲ್ಪ ತಡೆಯಿರಿ. ಬ್ಯಾಟರಿ ಸವೆದ ಐಫೋನುಗಳು ತಟ್ಟನೆ ಆರಿಹೋಗದಂತೆ ಅವುಗಳ ವೇಗ ತಗ್ಗಿಸುತ್ತಿರುವುದಾಗಿ ಆ್ಯಪಲ್ 2017ರಲ್ಲಿ ಒಪ್ಪಿಕೊಂಡಿತ್ತು. ಮೊದಲು ಬ್ಯಾಟರಿ ಬದಲಾಯಿಸಿ, ಸಂಗ್ರಹದಲ್ಲಿ ಒಂದಿಷ್ಟು ಜಾಗ ಮಾಡಿ. ಆಮೇಲೂ ಅದೇ ಕುಂಟುನಡೆ ಎಂದಾದರೆ ಅಂಗಡಿಗೆ ಹೊರಡಿ.